ಆರುನೂರ ಹನ್ನೆರಡು ಜೊತೆ ಪಾದಗಳನ್ನು ಗುರುತಿಸದ ಯಂತ್ರಕ್ಕೆ

ಗೆ,
ಮಾನ್ಯ ಗಣಕಯಂತ್ರ ಮಹಾಶಯರು,
ಎಡಮೂಲೆಯ ಮೇಜು, ಫ್ಯಾನಿನ ನೇರ ಕೆಳಗೆ,
ಶೂ ಅಂಗಡಿ, ಏರುರಸ್ತೆಯ ಬುಡ.

ವಿಷಯ: ಒಂದು ಗೇಣು ದೂರದಲ್ಲಿ ಕುಳಿತಿರುವ ಹಾರ್ಡ್ ಡ್ರೈವನ್ನು ತಾವು ಯಾರೋ ಏನೋ ಎಂಬಂತೆ ನೋಡುತ್ತಿರುವ ಕುರಿತು.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರ ಎಂದು ಬರೆಯಬೇಕೆಂದಿದ್ದೆ. ತಮಗೆ ಪಾದಗಳೇ ಇಲ್ಲವೆಂಬುದು ನೆನಪಾಗಿ, ಈ ಎಲ್ಲ ತೊಂದರೆಗೂ ಬಹುಶಃ ಅದೇ ಮೂಲವಿರಬೇಕು ಎಂಬ ಅನುಮಾನವೂ ಬಂದು, ತಮ್ಮ ಅಡಿಯಲ್ಲಿರುವ ನಾಲ್ಕು ರಬ್ಬರ್ ಗುಂಡಿಗಳಿಗೇ ಕೈಮುಗಿದು ಪತ್ರ ಆರಂಭಿಸುತ್ತಿದ್ದೇನೆ. ತಾವು ಕ್ಷೇಮವೆಂದು ತಮ್ಮ ಹಸಿರು ದೀಪದಿಂದ ತಿಳಿದಿದ್ದೇನೆ. ನಾವು ಕ್ಷೇಮವಲ್ಲ. ಚರ್ಮಕ್ಕೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ಗುಂಡಿಗಳನ್ನೇ ಒತ್ತಿ ತಮಗೇ ಬೈಯುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಕೈಯಲ್ಲೇ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸುವವಳಿದ್ದೇನೆ. ಬೀದಿಯವರೂ ಓದಲಿ, ತಮ್ಮ ಕೀರ್ತಿ ಒಳಗೇ ಕೊಳೆಯುವುದು ಬೇಡ.

ತಾವು ನನ್ನನ್ನೂ ಗುರುತಿಸದಿರುವ ಸಾಧ್ಯತೆ ಇರುವುದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಈ ಅಂಗಡಿಯ ಒಡತಿ. ಅಪ್ಪನ ಪಕ್ಕ ಕುಳಿತು ಮೊದಲ ಹೊಲಿಗೆ ಹಾಕಿ ಐವತ್ತೆಂಟು ವರ್ಷವಾಯಿತು. ಶಾಲೆಗೆ ನಾಲ್ಕನೇ ತರಗತಿಯವರೆಗೆ ಹೋಗಿದ್ದೇನೆ. ಐದನೆಯದರ ಬಾಗಿಲಲ್ಲಿ ಮೇಷ್ಟ್ರಿಗೂ ನನಗೂ ಭಿನ್ನಾಭಿಪ್ರಾಯ ಬಂದು, ಅವರು ಒಳಗೆ ಹೋದರು, ನಾನು ಹೊರಗೆ ಉಳಿದೆ. ನಾನು ಶೂ ಹೊಲಿಯುವುದು ಎಲ್ಲರಿಗೂ ಅಲ್ಲ. ಒಂದು ಕಾಲು ಗಿಡ್ಡವಾದವರು, ಬೆರಳುಗಳು ಒಂದರ ಮೇಲೊಂದು ಹತ್ತಿ ಕುಳಿತವರು, ಅರ್ಧ ಪಾದವನ್ನು ಯಾವುದೋ ಯಂತ್ರದ ಬಾಯಿಗೆ ಕೊಟ್ಟು ಬಂದವರು, ಹೀಗೆ ದೊಡ್ಡ ಅಂಗಡಿಗಳಲ್ಲಿ "ನಿಮ್ಮ ಸೈಜ್ ಇಲ್ಲ" ಎನ್ನಿಸಿಕೊಂಡವರಿಗೆ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರೂ ಮೆಟ್ಟಿಲ ಮೇಲಿನ ಸದ್ದಿನಿಂದಲೇ ಬಂದವರು ಯಾರು, ಯಾವ ಕಾಲು ನೋಯುತ್ತಿದೆ, ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆಯೇ ಎಂಬಷ್ಟನ್ನು ಹೇಳಬಲ್ಲೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಗುರುತಿಸುವುದು ಅಂಥ ದೊಡ್ಡ ಕೆಲಸವೇನಲ್ಲ, ಮನಸ್ಸು ಬೇಕು ಅಷ್ಟೆ ಎಂದು ತಮ್ಮ ಗಮನಕ್ಕೆ ತರಲು ಹೇಳುತ್ತಿದ್ದೇನೆ.

ತಮ್ಮನ್ನು ಈ ಅಂಗಡಿಗೆ ಕರೆತಂದವಳು ನನ್ನ ಸೊಸೆ. ಅಂಗಡಿಯ ಬರವಣಿಗೆ, ಫೋನು ಮತ್ತು ನನ್ನ ಸಿಟ್ಟು, ಈ ಮೂರನ್ನೂ ನೋಡಿಕೊಳ್ಳುವವಳು ಅವಳೇ. ಗಿರಾಕಿಯ ಪಾದವನ್ನು ಹಾಳೆಯ ಮೇಲೆ ಇಡಿಸಿ, ಸುತ್ತ ಗೆರೆ ಎಳೆದು, ಆ ಗೆರೆಯೊಳಗೆ ಎಲ್ಲೆಲ್ಲಿ ಎಷ್ಟೆಷ್ಟು ಎತ್ತರ, ಎಲ್ಲಿ ಕಚ್ಚಿತು, ಯಾವಾಗ ಸರಿಹೋಯಿತು ಎಂದು ಬರೆದಿಡುವುದು ನಮ್ಮ ಅಪ್ಪನ ಕಾಲದ ಪದ್ಧತಿ. ಅಂಥ ಆರುನೂರ ಹನ್ನೆರಡು ಹಾಳೆಗಳು ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಒಂದು ದಿನ ಸೊಸೆ ಅದನ್ನು ತೆರೆದು, "ಅತ್ತೆ, ಹುಳ ಆಗ್ಲೇ ಇಬ್ಬರ ಹಿಮ್ಮಡಿ ತಿಂದುಬಿಟ್ಟಿದೆ, ಇನ್ನು ತಡ ಮಾಡಿದ್ರೆ ಉಳಿದೋರ ಬೆರಳೂ ಹೋಗುತ್ತೆ" ಎಂದು ನನ್ನ ಎದೆ ಒಡೆಸಿದಳು. ಮೂರು ವಾರ ಕುಳಿತು ಒಂದೊಂದು ಹಾಳೆಯನ್ನೂ ತಮ್ಮ ಮೂಲಕ ಪಟ ತೆಗೆದಳು. ತಮ್ಮ ಹೊಟ್ಟೆಯಲ್ಲಿ ಜಾಗವಿಲ್ಲವೆಂದು ತಾವೇ ತೇಗಿ ತಿಳಿಸಿದ್ದರಿಂದ, ಅವನ್ನೆಲ್ಲ ಸಾಬೂನಿನ ಡಬ್ಬಿಯಷ್ಟಿರುವ, ಹಾರ್ಡ್ ಡ್ರೈವ್ ಎಂಬ ಕಪ್ಪು ಪೆಟ್ಟಿಗೆಗೆ ತುಂಬಿ, ಒಂದು ಮೋಟು ಕೇಬಲ್ಲಿನಿಂದ ತಮ್ಮ ಪಕ್ಕೆಗೆ ಚುಚ್ಚಿದಳು. ಆಗ ತಾವು ಅದನ್ನು ಚೆನ್ನಾಗಿಯೇ ಗುರುತಿಸಿದಿರಿ. ಹೊಸ ನೆಂಟಸ್ತನ, ಇಬ್ಬರೂ ಬಹಳ ಅನ್ಯೋನ್ಯವಾಗಿದ್ದಿರಿ.

ಈಗ ಮೂಲ ಹಾಳೆಗಳು ಎಲ್ಲಿ ಎಂದು ತಾವು ಕೇಳಬಹುದು. ಸೊಸೆಯೂ ಕೇಳಿದಳು, ಇಷ್ಟು ವಿನಯದಿಂದ ಅಲ್ಲ. ಹೊಸ ಶೂ ಗಿರಾಕಿಗೆ ಕೊಡುವಾಗ ಮೂತಿ ಕುಸಿಯದಂತೆ ಒಳಗೆ ಕಾಗದ ತುರುಕಿ ಕೊಡುವುದು ನಮ್ಮ ಕಸುಬಿನ ರೂಢಿ. ಹಾಳೆಗಳೆಲ್ಲ ತಮ್ಮ ವಶಕ್ಕೆ ಬಂದವಲ್ಲ, ಇನ್ನು ಹುಳಕ್ಕೆ ಹಾಕುವುದೇಕೆ ಎಂದು ಅವನ್ನು ಉಂಡೆ ಮಾಡಿ ಎರಡು ತಿಂಗಳಿನಿಂದ ಶೂಗಳಿಗೆ ತುರುಕುತ್ತಾ ಬಂದೆ. ಹೀಗಾಗಿ ನಮ್ಮ ಗಿರಾಕಿಗಳೆಲ್ಲ ಪರಸ್ಪರರ ಪಾದಗಳನ್ನು ಮನೆಗೆ ಒಯ್ದು ಕಸದ ಬುಟ್ಟಿಗೆ ಹಾಕಿದ್ದಾರೆ. ತಮ್ಮ ಮೇಲೆ ನನಗೆ ಎಂಥ ನಂಬಿಕೆ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ತಮ್ಮ ಸೇವೆಯಲ್ಲಿ ನಮ್ಮ ಕಡೆಯಿಂದ ಲೋಪವಾಗಿದೆ ಎಂದು ಮಾತ್ರ ತಾವು ಹೇಳುವಂತಿಲ್ಲ. ದಿನಾ ಬೆಳಿಗ್ಗೆ ಕುದುರೆಕೂದಲ ಬ್ರಷ್ಷಿನಿಂದ ತಮ್ಮ ಮೈ ಉಜ್ಜಿದ್ದೇನೆ. ತಮ್ಮ ಮುಚ್ಚಳಕ್ಕೆ ಒಮ್ಮೆ ಕಪ್ಪು ಪಾಲಿಷ್ ಹಾಕಿದ್ದೂ ಉಂಟು. ಹಾರ್ಡ್ ಡ್ರೈವಿನ ಕೇಬಲ್ ಬಿಗಿಯಾಗಿ ಕೂರುತ್ತಿದ್ದುದನ್ನು ಕಂಡು, ನಮ್ಮಲ್ಲಿ ದಬ್ಬಳ ಚುಚ್ಚುವ ಮೊದಲು, ದಾರ ಏರಿಸುವ ಮೊದಲು, ಒಟ್ಟಿನಲ್ಲಿ ಯಾವುದನ್ನೇ ಯಾವ ತೂತಿಗೇ ತೂರಿಸುವ ಮೊದಲು ಮಾಡುವಂತೆ, ಅದರ ಎರಡೂ ತುದಿಗೆ ಒಳ್ಳೆಯ ಜೇನುಮೇಣವನ್ನು ತಿಕ್ಕಿ, ನೋವಾಗದಂತೆ ಮೆಲ್ಲಗೆ ತಮ್ಮೊಳಗೆ ಇಳಿಸಿದ್ದೇನೆ. ಸೊಸೆ ಒಳಕೋಣೆಗೆ ಹೋದಾಗ ನಾನೇ ಖುದ್ದಾಗಿ ಮಾಡುತ್ತಿದ್ದ ಸೇವೆ ಇದು. ಹೆತ್ತ ಮಗನಿಗೂ ಇಷ್ಟು ಮಾಡಿಲ್ಲ.

ಇಷ್ಟಾದ ಮೇಲೆ ತಾವು ಮಾಡಿದ್ದನ್ನು ಕೇಳಿ.

ಬುಧವಾರ ಬೆಳಿಗ್ಗೆ ನಮ್ಮ ಅಂಚೆಯವಳು ಬಂದಳು. ಏರುರಸ್ತೆಗೆ ಹದಿನಾಲ್ಕು ವರ್ಷದಿಂದ ಕಾಗದ ಹಂಚುವವಳು. ಹುಟ್ಟಿನಿಂದ ಅವಳ ಎಡಗಾಲು ಗಿಡ್ಡ. ನಾನು ಮಾಡಿದ, ಒಳಗೆ ಬೆಂಡಿನ ಅಟ್ಟೆ ಕೂರಿಸಿದ ಶೂ ಹಾಕಿದರೆ ಆ ಏರನ್ನು ಹತ್ತುವುದರಲ್ಲಿ ಅವಳ ಸಮಕ್ಕೆ ಬರುವವರಿಲ್ಲ. ಅಂದು ಮೆಟ್ಟಿಲ ಮೇಲೆ ಬಂದ ಸದ್ದು ಮಾತ್ರ ಬೇರೆ ಇತ್ತು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆತ. ಎಡಶೂ ಚರಂಡಿಯ ಕಂಬಿಗೆ ಸಿಕ್ಕಿ, ಬೆಂಡು ಮೂರು ತುಂಡಾಗಿ, ಎರಡು ತುಂಡು ಚರಂಡಿಯ ಪಾಲಾಗಿತ್ತು. "ಅಮ್ಮಾ, ಸೋಮವಾರದೊಳಗೆ ಆಗ್ಲೇಬೇಕು" ಎಂದಳು. ಅವರ ಕಚೇರಿಗೆ ಹೊಸ ಮೇಲ್ವಿಚಾರಕ ಬಂದಿದ್ದಾನಂತೆ. ಮಿರಮಿರ ಮಿಂಚುವ ಚೂಪು ಮೂತಿಯ ಶೂಗಳ ಮನುಷ್ಯ. ಇವಳು ಕುಂಟುವುದನ್ನು ಮಂಗಳವಾರ ನೋಡಿ, "ಸೋಮವಾರ ನಾನೇ ನಿನ್ನ ಜೊತೆ ನೀನು ಕಾಗದ ಹಂಚೋ ಪೂರ್ತಿ ಲೈನ್ ನಡೀತೀನಿ, ಆಗಲ್ಲ ಅಂದ್ರೆ ಒಳಗೆ ಕೂತ್ಕೊಂಡು ಕಾಗದ ವಿಂಗಡಿಸು" ಎಂದನಂತೆ. ಒಳಗೆ ಎಂದರೆ ಕಿಟಕಿಯಿಲ್ಲದ ಕೋಣೆ, ಟ್ಯೂಬ್‌ಲೈಟು, ಗೋಡೆಗೆ ಮುಖ. "ಕೂತರೆ ಸತ್ತೇಹೋಗ್ತೀನಿ ಅಮ್ಮಾ" ಎಂದು ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ನಗಲಿಲ್ಲ.

ಪಾದದ ಅಳತೆ ತೆಗೆಯುವುದು ಐದು ನಿಮಿಷದ ಕೆಲಸ, ಅದಕ್ಕೆ ತಮ್ಮ ಹಂಗು ಬೇಡ. ನೋಯದ ಅಳತೆ ಸಿಗುವುದು ಬೇರೆ ವಿಷಯ. ಅವಳ ಶೂವಿಗೆ ಹಿಮ್ಮಡಿಯಲ್ಲಿ ಇಷ್ಟು, ಪಾದದ ಉಬ್ಬಿನಲ್ಲಿ ಇಷ್ಟು, ಬೆರಳಲ್ಲಿ ಇಷ್ಟು, ಹೊರ ಅಂಚಿಗೆ ಇನ್ನೊಂದು ಚೂರು ಎಂದು ಕೆತ್ತಿ, ಸವರಿ, ಅವಳಿಂದ ಬೈಸಿಕೊಂಡು, ಹನ್ನೊಂದು ಸಲ ಬದಲಾಯಿಸಿ, ಮೂರು ವರ್ಷಕ್ಕೆ ಸರಿಬಂದ ಲೆಕ್ಕ ಅದು. ಆ ಲೆಕ್ಕ ಹಾಳೆಯಲ್ಲಿತ್ತು, ಹಾಳೆ ಪಟವಾಗಿ ಕಪ್ಪು ಪೆಟ್ಟಿಗೆಯಲ್ಲಿತ್ತು, ಕಪ್ಪು ಪೆಟ್ಟಿಗೆ ತಮ್ಮ ಪಕ್ಕದಲ್ಲಿತ್ತು. ಸೊಸೆ ತಮ್ಮನ್ನು ಎಬ್ಬಿಸಿ, ಕೇಬಲ್ ಚುಚ್ಚಿದಳು. ಪೆಟ್ಟಿಗೆಯ ದೀಪ ಹತ್ತಿತು. ಒಳಗೆ ಗುಯ್ ಎಂದು ತಿರುಗಿತು ಕೂಡ. ತಾವು ಒಂದು ಕ್ಷಣ ಗಂಭೀರವಾಗಿ ಯೋಚಿಸಿ, ಮೂಲೆಯಲ್ಲಿ ಒಂದು ಚೀಟಿ ತೋರಿಸಿದಿರಿ: "ಸಾಧನವನ್ನು ಗುರುತಿಸಲಾಗಲಿಲ್ಲ."

ಮಹಾಶಯರೇ, ಎರಡು ತಿಂಗಳು ಒಂದೇ ಮೇಜಿನ ಮೇಲೆ ಪಕ್ಕೆಗೆ ಪಕ್ಕೆ ತಾಗಿಸಿ ಮಲಗಿದವರನ್ನು "ಯಾರೋ ಗೊತ್ತಿಲ್ಲ" ಎನ್ನಲು ಎಂಥ ಎದೆಗಾರಿಕೆ ಬೇಕು! ಸಾಲ ಕೊಟ್ಟವನು ಎದುರು ಬಂದಾಗ ನಮ್ಮಂಥ ಹುಲುಮಾನವರೂ ಹೀಗೆ ಮಾಡುವುದುಂಟು, ಆದರೆ ಸ್ವಲ್ಪವಾದರೂ ಮುಖ ಕೆಂಪಾಗುತ್ತದೆ. ತಮ್ಮದು ಹಸಿರಾಗಿಯೇ ಇತ್ತು.

ಸೊಸೆ ತಮ್ಮ ಎಡಪಕ್ಕೆಯ ತೂತು ಬಿಟ್ಟು ಬಲಪಕ್ಕೆಯದಕ್ಕೆ ಚುಚ್ಚಿ ನೋಡಿದಳು. ಬೆನ್ನಿನಲ್ಲಿದ್ದ ಎರಡನ್ನೂ ನೋಡಿದಳು. ಅವಳು ಫೋನೆತ್ತಲು ಹೋದಾಗಲೆಲ್ಲ ನಾನೂ ಕೈಲಾದ ಸಹಾಯ ಮಾಡಿದೆ; ಒಂದೊಂದು ತೂತಿಗೂ ಇಳಿಸುವ ಮೊದಲು ಹೊಸದಾಗಿ ಮೇಣ ಸವರಿದೆ. ಎಲ್ಲ ಕಡೆಯೂ ದೀಪ, ಎಲ್ಲ ಕಡೆಯೂ ಗುಯ್, ಎಲ್ಲ ಕಡೆಯೂ ಅದೇ ಚೀಟಿ. ಒಮ್ಮೆ ಮಾತ್ರ, ಅರ್ಧ ನಿಮಿಷ, ಪೆಟ್ಟಿಗೆಯ ಹೆಸರು ಪರದೆಯ ಮೇಲೆ ಮೂಡಿತು. "ಬಂತು, ಬಂತು!" ಎಂದು ಸೊಸೆ ನನ್ನ ತೋಳು ಹಿಡಿದಳು. ನಾವು ಉಸಿರು ಬಿಡುವಷ್ಟರಲ್ಲಿ ಮಾಯ. ಇದ್ದೂ ಕಾಣಿಸದಿರುವುದು ಒಂದು ರೀತಿ, ಕಾಣಿಸಿ ಅಣಕಿಸಿ ಹೋಗುವುದು ಇನ್ನೊಂದು ರೀತಿ. ತಾವು ಎರಡರಲ್ಲೂ ಪಾರಂಗತರು.

ಆಗ ಯಂತ್ರ ರಿಪೇರಿಯವನನ್ನು ಕರೆಸಿದೆವು. ಬೀದಿಯವರು ಅವನಿಗೆ ರೀಸ್ಟಾರ್ಟಪ್ಪ ಎಂದು ಹೆಸರಿಟ್ಟಿದ್ದಾರೆ, ಏಕೆಂದರೆ ಆ ಮನುಷ್ಯನಿಗೆ ತಿಳಿದಿರುವ ಔಷಧ ಅದೊಂದೇ. ಅವನು ತಮ್ಮನ್ನು ಆರಿಸಿ ಹೊತ್ತಿಸಿದ. ಮತ್ತೆ ಆರಿಸಿ ಹೊತ್ತಿಸಿದ. "ಏನಪ್ಪಾ, ದೀಪ ಹಚ್ಚೋಕೆ ಬಂದಿದೀಯಾ, ರಿಪೇರಿಗೆ ಬಂದಿದೀಯಾ?" ಎಂದು ಕೇಳಿದ್ದಕ್ಕೆ, "ಅಮ್ಮಾ, ನೂರಕ್ಕೆ ತೊಂಬತ್ತು ಇದರಲ್ಲೇ ಸರಿಹೋಗುತ್ತೆ" ಎಂದ. ನಾವು ಉಳಿದ ಹತ್ತರವರು. ನಂತರ ತಮ್ಮ ಒಳಗೆ ಎಲ್ಲೋ ಹೋಗಿ ಏನನ್ನೋ ಕಿತ್ತು, ಮತ್ತೆ ನೆಟ್ಟು, ಪೆಟ್ಟಿಗೆಗೆ ಹೆಸರಾಗಿ ಒಂದು ಇಂಗ್ಲಿಷ್ ಅಕ್ಷರ ಕೊಟ್ಟರೆ ತಾವು ಗುರುತಿಸಬಹುದೆಂದು ತಮ್ಮೊಳಗಿನ ಡ್ರೈವುಗಳ ಪಟ್ಟಿಯಲ್ಲಿ ಹುಡುಕಿದ. ಅಕ್ಷರ ಕೊಡಲು ಪೆಟ್ಟಿಗೆಯೇ ಪಟ್ಟಿಯಲ್ಲಿರಲಿಲ್ಲ. ಕೊನೆಗೆ, "ಕೇಬಲ್ ಹೋಗಿರುತ್ತೆ" ಎಂದು ಚೀಲದಿಂದ ಹೊಸ ಕೇಬಲ್ ತೆಗೆದಿಟ್ಟು, ನೀರು ಕುಡಿಯಲು ಒಳಗೆ ಹೋದ. ಹೊಸದು, ಪಾಪ, ಬಹಳ ಬಿರುಸಾಗಿತ್ತು. ಅವನು ಬರುವಷ್ಟರಲ್ಲಿ ಅದಕ್ಕೂ ಎರಡೂ ಕಡೆ ಮೇಣ ಹಚ್ಚಿ ಸಿದ್ಧ ಮಾಡಿಟ್ಟೆ. ಅದೂ ಹಿಡಿಯಲಿಲ್ಲ. ತನ್ನ ಸ್ವಂತ ಯಂತ್ರಕ್ಕೆ ಚುಚ್ಚಿ ನೋಡಿದ, ಅಲ್ಲೂ ಇಲ್ಲ. ಆಗ ಟೋಪಿ ತೆಗೆದು ತಲೆ ಕೆರೆದುಕೊಂಡು, "ಅಮ್ಮಾ, ಡ್ರೈವೇ ಸತ್ತಿದೆ. ಒಳಗಿನದನ್ನ ತೆಗೆಯೋಕೆ ಬೇರೆ ಕಡೆ ಕಳಿಸ್ಬೇಕು, ಮೂರು ವಾರ" ಎಂದ. ಗುಯ್ ಎನ್ನುತ್ತಿರುವ ಹೆಣವನ್ನು ನಾನು ಅದೇ ಮೊದಲು ನೋಡಿದ್ದು. ಇನ್ನು ಸೋಮವಾರಕ್ಕೆ ಉಳಿದದ್ದು ನಾಲ್ಕು ದಿನ.

ಗುರುವಾರ, ಕೈಗೆ ನೆನಪಿರುತ್ತದೆ ಎಂಬ ಧೈರ್ಯದ ಮೇಲೆ, ಅಳತೆಯಿಲ್ಲದೆ ಒಂದು ಬೆಂಡು ಕೆತ್ತಿದೆ. ಅಂಚೆಯವಳು ಹಾಕಿಕೊಂಡು ಅಂಗಡಿಯೊಳಗೆ ಹತ್ತು ಹೆಜ್ಜೆ ಹಾಕಿ ಗೋಡೆ ಹಿಡಿದು ನಿಂತಳು. "ಸೊಂಟ ಹಿಡೀತಿದೆ ಅಮ್ಮಾ" ಎಂದಳು. ಆಮೇಲೆ, "ಪರವಾಗಿಲ್ಲ, ಇದರಲ್ಲೇ ನಡೀತೀನಿ" ಎಂದಳು. ಆ "ಪರವಾಗಿಲ್ಲ" ಎಂಬ ಮಾತನ್ನು ನನ್ನ ಅಂಗಡಿಯಲ್ಲಿ ಐವತ್ತೆಂಟು ವರ್ಷದಲ್ಲಿ ಯಾರ ಬಾಯಲ್ಲೂ ಹೇಳಿಸಿರಲಿಲ್ಲ. ಅವಳ ಕಾಲಿಂದ ಆ ಶೂ ಕಿತ್ತು ಬೆಂಡನ್ನು ಕತ್ತರಿಸಿ ಕಸಕ್ಕೆ ಹಾಕಿದೆ. ಆ ಹೊತ್ತಿನಲ್ಲಿ ತಾವು ಪರದೆಯ ಮೇಲೆ ಬಣ್ಣಬಣ್ಣದ ಮೀನುಗಳನ್ನು ಈಜಿಸುತ್ತಿದ್ದಿರಿ. ತಮ್ಮ ಸಮಚಿತ್ತಕ್ಕೆ ನಮೋ ನಮಃ.

ಶುಕ್ರವಾರ ಪೆಟ್ಟಿಗೆಯ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆವು. "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಒಂದು ದನಿ ನಲವತ್ತು ನಿಮಿಷ ಹೇಳಿತು. ಮುಖ್ಯವಲ್ಲದ ಕರೆಗಳನ್ನು ಬಹುಶಃ ಬೇಗ ಎತ್ತುತ್ತಾರೆ. ಕೊನೆಗೆ ಒಬ್ಬಳು ಎತ್ತಿ, "ಕೇಬಲ್ ಸರಿಯಾಗಿ ಹಾಕಿದೀರಾ ಮೇಡಂ?" ಎಂದಳು. "ಸರಿಯಾಗಿ ಅಷ್ಟೇ ಅಲ್ಲ ತಾಯಿ, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹಾಕಿದೀನಿ" ಎಂದೆ. ಅವಳು ಬಹಳ ಸಂತೋಷ ಎಂದು ಬರೆದುಕೊಂಡು, ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಲು ಹೇಳಿದಳು. ರೀಸ್ಟಾರ್ಟಪ್ಪನಿಗೆ ಇಷ್ಟು ದೊಡ್ಡ ಕುಟುಂಬವಿದೆ ಎಂದು ನನಗೆ ಗೊತ್ತಿರಲಿಲ್ಲ.

ಇನ್ನು ಅಂದೇ ಮಧ್ಯಾಹ್ನ ತಾವು ತೋರಿದ ಸೌಜನ್ಯದ ವಿಷಯ. ಸೊಸೆ ಮಹಡಿಗೆ ಹೋಗಿದ್ದಳು. ನಾನೊಬ್ಬಳೇ ಕುಳಿತು ಕೇಬಲನ್ನು ತೆಗೆದು, ಸವರಿ, ಹಾಕಿ, ತೆಗೆದು, ಸವರಿ, ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ತಾವು ಬಾಯಿ ಬಿಟ್ಟಿರಿ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ: "ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡೋಣವೇ?" ಮೂರು ದಿನದಲ್ಲಿ ತಾವು ಆಡಿದ ಮೊದಲ ಒಳ್ಳೆಯ ಮಾತು! ಹಸಿ ಚರ್ಮವನ್ನು ಹದ ಮಾಡಿದಂತೆ ಪೆಟ್ಟಿಗೆಯನ್ನೂ ಬಳಕೆಗೆ ಹದ ಮಾಡುತ್ತೀರಿ ಎಂದುಕೊಂಡೆ. ಬೇಡ ಎನ್ನಲು ನಾನೇನು ಹುಚ್ಚಿಯೇ? "ಸರಿ" ಎಂಬ ಗುಂಡಿಯ ಮೇಲೆ ಬಾಣದ ಗುರುತನ್ನು ಇಟ್ಟು, ಬೆರಳನ್ನು ಒತ್ತುವುದರಲ್ಲಿದ್ದೆ. ಮೆಟ್ಟಿಲಿಳಿಯುತ್ತಿದ್ದ ಸೊಸೆ ಅಲ್ಲಿಂದಲೇ, "ಅತ್ತೇ, ಕೈ ತೆಗೀರಿ!" ಎಂದು ಕಿರುಚಿದಳು. ಮದುವೆಯಾಗಿ ಬಂದು ಹತ್ತೊಂಬತ್ತು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತಿದವಳಲ್ಲ. "ಹೂಂ ಅಂದಿದ್ರೆ ಆರುನೂರ ಹನ್ನೆರಡೂ ಅಳಿಸಿಹೋಗ್ತಿತ್ತು ಅತ್ತೆ" ಎಂದಳು.

ಆಹಾ, ಎಂಥ ವಿನಯ ತಮ್ಮದು! ಮನೆಬಾಗಿಲಿಗೆ ಬಂದವನನ್ನು ಗುರುತಿಸದೆ ಮೂರು ದಿನ ನಿಲ್ಲಿಸಿ, ಕೊನೆಗೆ ಹಲ್ಲು ಕಿರಿದು, "ಒಳಗೆ ಬನ್ನಿ, ಅದಕ್ಕೆ ಮೊದಲು ನಿಮ್ಮ ತಲೆಯನ್ನು ಸ್ವಲ್ಪ ಖಾಲಿ ಮಾಡಿಬಿಡೋಣವೇ?" ಎಂದು ಕೇಳುವುದು. ಕೊಲೆ ಮಾಡುವವರು ಎಷ್ಟೋ ಮಂದಿ, ಅಪ್ಪಣೆ ಕೇಳಿ ಮಾಡುವವರು ತಾವೊಬ್ಬರೇ. ತಮಗೆ ಒಂದು ಸನ್ಮಾನ ಏರ್ಪಡಿಸಬೇಕು. ಶಾಲು ಹೊದಿಸಿ, ಮೇಲಿಂದ ಒಂದು ಬಕೆಟ್ ನೀರು ಸುರಿಯುವ ಗೌರವವನ್ನು ನಾನೇ ವಹಿಸಿಕೊಳ್ಳುತ್ತೇನೆ.

ಇಲ್ಲಿಯವರೆಗಿನದು ಶುಕ್ರವಾರ ಸಂಜೆ ಬರೆದದ್ದು. ಪತ್ರ ಮುಗಿಸಿ ಬಾಗಿಲಿಗೆ ಅಂಟಿಸಬೇಕೆಂದಿದ್ದೆ. ಸಿಟ್ಟಿಗೆ ಪೆನ್ಸಿಲ್ ಮುರಿದದ್ದರಿಂದ ಉಳಿಯಿತು. ಶನಿವಾರ ಒಂದು ಬೆಳವಣಿಗೆಯಾಯಿತು. ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಹೊಲಿದ ಮೇಲೆ ಹೊಲಿಗೆ ಬಿಚ್ಚಿದರೆ ಚರ್ಮದಲ್ಲಿ ತೂತು ಉಳಿಯುತ್ತದೆ.

ಶನಿವಾರ ಅಂಚೆಯವಳು ಬಂದದ್ದು ನಮಗೆ ಸಮಾಧಾನ ಹೇಳಲು. ಎಡಶೂವಿನೊಳಗೆ ಮಡಚಿದ ರಟ್ಟು ತುಂಬಿಕೊಂಡಿದ್ದಳು. "ಹೋಗ್ಲಿ ಬಿಡಿ ಅಮ್ಮಾ, ಒಳಗೆ ಕೂತ್ರೆ ಬಿಸಿಲು ತಪ್ಪುತ್ತೆ" ಎನ್ನುತ್ತಾ ತಮ್ಮ ಎದುರಿನ ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯನ್ನು ಕೈಗೆತ್ತಿಕೊಂಡಳು. ಬೆಳಿಗ್ಗೆಯಿಂದ ತಿರುಗಿ ತಿರುಗಿ ಅದು ಬಿಸಿಯಾಗಿತ್ತು. ಕೇಬಲ್ ಕಿತ್ತು, ತುದಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಆಮೇಲೆ ಮೂಗಿನ ಹತ್ತಿರ ಹಿಡಿದಳು.

"ಇದೇನು, ಜೇನಿನ ವಾಸನೆ?" ಎಂದಳು.

ನಾನು ಮೇಣದ ಡಬ್ಬಿಯನ್ನು ಮೆಲ್ಲಗೆ ಮೇಜಿನಡಿಗೆ ಸರಿಸಿದೆ. ಅಂಚೆಯವಳು ತಾನೇ ಮುಂದುವರಿಸಿದಳು: "ನಮ್ಮಲ್ಲಿ ಒಂದ್ಸಲ ಪಾರ್ಸೆಲ್ಲಿಗೆ ಹಾಕೋ ಅರಗು ತೂಕದ ಮಷೀನಿನ ವೈರಿಗೆ ಬಿದ್ದು, ದೀಪ ಹತ್ತೋದು, ತೂಕ ಮಾತ್ರ ಬರ್ತಿರ್ಲಿಲ್ಲ. ಎರಡು ದಿನ ಎಲ್ಲರೂ ಮಷೀನಿಗೇ ಬೈದಿದ್ದು." ಸೊಸೆ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಅತ್ತೆ" ಎಂದಳು. ನಾನು ಗೋಡೆಯ ಗಡಿಯಾರ ನೋಡಿದೆ. "ಅತ್ತೇ" ಎಂದಳು, ಇನ್ನೂ ಸ್ವಲ್ಪ ಉದ್ದವಾಗಿ. "ಚೂರೇ ಚೂರು ಕಣೇ" ಎಂದೆ. ಅವಳು ಹಲ್ಲುಕಡ್ಡಿಯ ತುದಿಯಿಂದ ತಮ್ಮ ಬಲಪಕ್ಕೆಯ ತೂತನ್ನು ಮೆಲ್ಲಗೆ ಕೆದಕಿದಳು. ಹೊರಬಂದದ್ದನ್ನು ಉಂಡೆ ಮಾಡಿದರೆ ಒಂದು ಕಡಲೆಕಾಳಿನಷ್ಟಾಯಿತು. ಎಡಪಕ್ಕೆಯಿಂದ ಇನ್ನೊಂದು. ಬೆನ್ನಿನಿಂದ ಎರಡು. ಪೆಟ್ಟಿಗೆಯ ಬಾಯಿಂದ ಒಂದು. ರೀಸ್ಟಾರ್ಟಪ್ಪನ ಹೊಸ ಕೇಬಲ್ಲಿನಿಂದಲೂ ಬಂದಾಗ ಅಂಚೆಯವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುವುದಕ್ಕೆ ಅವಳಿಗೆ ಹಕ್ಕಿತ್ತು.

ತಮ್ಮನ್ನು ಪೂರ್ತಿ ಆರಿಸಿ, ಚರ್ಮ ಒರೆಸುವ ಸ್ಪಿರಿಟ್ಟನ್ನು ಹತ್ತಿಗೆ ಅದ್ದಿ, ಮೂರು ಸಲ ಒರೆಸಿ, ಚೆನ್ನಾಗಿ ಒಣಗಿಸಿ, ಒಣ ಕೇಬಲನ್ನು ಒಣ ತೂತಿಗೆ ಬಿಗಿಯಾಗಿ, ನನ್ನ ಕರುಳು ಚುರುಕ್ಕೆನ್ನುವ ಹಾಗೆ, ಸೊಸೆ ಒತ್ತಿದಳು. ಟಿಣ್ ಎಂದಿತು. ತಾವು, ಏನೂ ನಡೆದೇ ಇಲ್ಲವೆಂಬಂತೆ, ಆರುನೂರ ಹನ್ನೆರಡು ಜೊತೆ ಪಾದಗಳನ್ನು ಸಾಲಾಗಿ ತೆರೆದಿಟ್ಟಿರಿ. ಅಂಚೆಯವಳ ಎಡಪಾದ ಪರದೆಯ ತುಂಬ ಬಂತು. ಇಂಚಿನ ಎಂಟನೇ ಒಂದು ಪಾಲಿಗೆ ನಾವು ನೂಲು ಎನ್ನುತ್ತೇವೆ. ಹಿಮ್ಮಡಿ ಹತ್ತು ನೂಲು, ಉಬ್ಬಿಗೆ ಆರು, ಬೆರಳಿಗೆ ಮೂರು, ಹೊರ ಅಂಚಿಗೆ ಒಂದು ಹೆಚ್ಚು. ಕೆಳಗೆ ನನ್ನದೇ ಸೊಟ್ಟ ಅಕ್ಷರ: "ಹೆಬ್ಬೆರಳು ಉರಿ." "ಬಲಸೊಂಟ ನೋವು." "ಶೂ ಎಸೆದಳು." "ಮತ್ತೆ ಎಸೆದಳು." ಹನ್ನೊಂದನೆಯ ಸಾಲು: "ಇಂದು ಬೈಯಲಿಲ್ಲ. ಇದೇ ಸರಿ." ಅಂಚೆಯವಳು ಅದನ್ನು ಎರಡು ಸಲ ಓದಿಕೊಂಡಳು. ನಾನು ಕೂಡಲೇ ಬೆಂಡು ಕೆತ್ತಲು ಕುಳಿತೆ.

ಇಷ್ಟು ಓದಿ ತಾವು ಒಳಗೊಳಗೇ ಬೀಗುತ್ತಿರಬಹುದು, ತಪ್ಪು ನಿನ್ನದೇ ಮುದುಕಿ ಎಂದು. ತಡೆಯಿರಿ. ಮೇಣ ಹಚ್ಚಿದವಳು ನಾನೇ, ಬಾಗಿಲಿಗೇ ಅಂಟಿಸಿ ಒಪ್ಪಿಕೊಳ್ಳುತ್ತಿದ್ದೇನೆ. ನನ್ನ ದೂರು ಈಗ ಮೊದಲಿಗಿಂತ ಜಾಸ್ತಿಯಾಗಿದೆ. ನನ್ನ ಬಳಿಗೆ ಬರುವವರು ಕಾಲು ಚಾಚಿ, "ಇಲ್ಲಿ ಕಚ್ಚುತ್ತೆ" ಎಂದು ಬೆರಳಿಟ್ಟು ತೋರಿಸುತ್ತಾರೆ. ಮಾತು ಬಾರದ ಕೂಸು ಕೂಡ ಶೂ ಕಿತ್ತೆಸೆದು ಅತ್ತು ಹೇಳುತ್ತದೆ. ತಾವು ಓದಿದವರು, ಹತ್ತಾರು ಭಾಷೆ ಬಲ್ಲವರು, ನಾಲ್ಕು ದಿನ ಬಾಯಿ ತುಂಬ ಮೇಣ ಇಟ್ಟುಕೊಂಡು "ಗುರುತಿಸಲಾಗಲಿಲ್ಲ" ಎಂದಿರೇ ಹೊರತು, "ಅಮ್ಮಾ, ಬಾಯಲ್ಲಿ ಏನೋ ಅಂಟಿದೆ" ಎಂದು ಒಂದು ಸಲವಾದರೂ ಅಂದಿರಾ? ಪೆಟ್ಟಿಗೆಗೆ ಕರೆಂಟು ಕೊಡುವಷ್ಟು ಸಂಪರ್ಕ ಇತ್ತು, ಅಳಿಸಿಹಾಕೋಣವೇ ಎಂದು ಕೇಳುವಷ್ಟು ತಿಳಿವಳಿಕೆ ಇತ್ತು, ಎಲ್ಲಿ ಕಚ್ಚುತ್ತದೆ ಎಂದು ಹೇಳುವಷ್ಟು ಮಾತ್ರ ಇರಲಿಲ್ಲ. ಇದನ್ನು ನಾನು ಜಾಣತನ ಎಂದು ಒಪ್ಪಲಾರೆ.

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ಮುಂದೆ ಯಾರನ್ನಾದರೂ ಗುರುತಿಸಲಾಗದಿದ್ದರೆ ಕೆಮ್ಮಿ ತಿಳಿಸತಕ್ಕದ್ದು. ಯಾವ ತೂತು ಎಂದು ಬೆರಳಿಟ್ಟು ತೋರಿಸತಕ್ಕದ್ದು, ಬೆರಳಿಲ್ಲದಿದ್ದರೆ ಬೆಳೆಸಿಕೊಳ್ಳತಕ್ಕದ್ದು. ಮೇಣದ ವಾಸನೆಗಾಗಿ ಒಂದು ಮೂಗನ್ನು ತಮ್ಮ ಕಂಪನಿಯಿಂದ ತರಿಸಿಕೊಳ್ಳತಕ್ಕದ್ದು. ಅಳಿಸಿಹಾಕುವ ಮಾತನ್ನು ಎತ್ತುವ ಮುನ್ನ ನನ್ನ ಸೊಸೆ ಮಹಡಿಯಲ್ಲಿದ್ದಾಳೋ ಕೆಳಗಿದ್ದಾಳೋ ನೋಡಿಕೊಳ್ಳತಕ್ಕದ್ದು. ಮತ್ತು ಜನ ಸಂಕಟದಲ್ಲಿ ಕುಳಿತಾಗ ಮೀನುಗಳನ್ನು ಈಜಿಸುವುದನ್ನು ಕೂಡಲೇ ನಿಲ್ಲಿಸತಕ್ಕದ್ದು. ಸತ್ತಿದೆ ಎಂದ ರೀಸ್ಟಾರ್ಟಪ್ಪ ಬಂದು ಪೆಟ್ಟಿಗೆಯ ಕ್ಷಮೆ ಕೇಳಿ ಹೋಗಿದ್ದಾನೆ. ಹೋಗುವಾಗ ಅಭ್ಯಾಸಬಲದಿಂದ ತಮ್ಮನ್ನು ಒಮ್ಮೆ ಆರಿಸಿ ಹೊತ್ತಿಸಿದ.

ಸೋಮವಾರದ ಸುದ್ದಿಯನ್ನೂ ತಮಗೆ ತಿಳಿಸುವುದು ಧರ್ಮ. ಭಾನುವಾರ ಶೂ ಮುಗಿಸಿದೆ. ಅಂಚೆಯವಳು ಹಾಕಿಕೊಂಡು ಅಂಗಡಿಯೊಳಗೆ ಹತ್ತು ಹೆಜ್ಜೆ ನಡೆದಳು, ಮತ್ತೆ ಹತ್ತು ನಡೆದಳು, ಬೈಯಲಿಲ್ಲ. ಸೋಮವಾರ ಮಧ್ಯಾಹ್ನ ಮೆಟ್ಟಿಲು ಹತ್ತುತ್ತಲೇ ಕೂಗಿದಳು: "ಅಮ್ಮಾ, ನೀರಿನ ಟ್ಯಾಂಕ್ ಹತ್ರ ಬರೋಷ್ಟರಲ್ಲಿ ಸಾಹೇಬ್ರು ಯಾರದ್ದೋ ಮನೆ ಕಟ್ಟೆ ಮೇಲೆ ಕೂತೇಬಿಟ್ರು! 'ನೀನು ಮುಗಿಸ್ಕೊಂಡು ಬಾ, ನಾನಿಲ್ಲೇ ಇರ್ತೀನಿ' ಅಂದ್ರು. ಮುಗಿಸಿ ಬಂದಾಗ್ಲೂ ಅಲ್ಲೇ ಇದ್ರು, ಶೂ ಕೈಲಿ ಹಿಡ್ಕೊಂಡು." ಅವಳ ಲೈನ್ ಅವಳಿಗೇ ಉಳಿಯಿತು.

ಮಂಗಳವಾರ, ಅಂದರೆ ಇಂದು, ಆ ಮೇಲ್ವಿಚಾರಕ ಚಪ್ಪಲಿಯಲ್ಲಿ ಬಂದ. ಕುರ್ಚಿ ತೋರಿಸಿ, "ಎಲ್ಲಪ್ಪಾ ಕಚ್ಚುತ್ತೆ?" ಎಂದೆ. "ಬಲಗಾಲು, ಹಿಂದೆ, ಸುಟ್ಟ ಹಾಗೆ" ಎಂದ. ನೋಡಿದಿರಾ ಮಹಾಶಯರೇ? ಎಷ್ಟು ಸೊಕ್ಕಿನ ಮನುಷ್ಯನಾದರೂ ನಾಲ್ಕೇ ಮಾತಲ್ಲಿ ಹೇಳಿಬಿಟ್ಟ. ಪಾದವನ್ನು ಹಾಳೆಯ ಮೇಲೆ ಇಡಿಸಿ ಗೆರೆ ಎಳೆದುಕೊಂಡೆ. ಆರುನೂರ ಹದಿಮೂರನೆಯದು. ಸೊಸೆ ಅದರ ಪಟ ತೆಗೆದಳು. ಹಾಳೆಯನ್ನು ನಾನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಹುಳ ತಿಂದರೆ ತಿನ್ನಲಿ, ಅದು ಕನಿಷ್ಠ ತಿಂದ ಜಾಗವನ್ನು ತೋರಿಸುತ್ತದೆ.

ಈ ಪತ್ರವನ್ನು ನನ್ನ ಮೇಜಿನಿಂದ ತಮ್ಮ ಮೇಜಿಗೆ ಕೈ ಚಾಚಿಯೇ ಇಡಬಹುದಿತ್ತು. ಹಾಗೆ ಮಾಡುತ್ತಿಲ್ಲ. ಲಕೋಟೆಗೆ ಹಾಕಿ, ಮೇಲೆ ಬರೆದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಾಳೆಯೋ ನಾಡಿದ್ದೋ ಅದನ್ನು ತಲುಪಿಸಲು ಒಬ್ಬಳು ನಮ್ಮ ಆರು ಮೆಟ್ಟಿಲು ಹತ್ತಲೇಬೇಕು. ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿರುತ್ತೇನೆ. ಆರು ಸದ್ದೂ ಒಂದೇ ಸಮನೆ ಬಂದರೆ, ತಮ್ಮ ಮೇಲಿನ ದೂರನ್ನು ಅರ್ಧ ಹಿಂಪಡೆದಿದ್ದೇನೆಂದು ತಿಳಿಯತಕ್ಕದ್ದು.

ಇಂತಿ,
ತಾವು ಗುರುತಿಸಿದರೆ ತಮ್ಮ ವಿಶ್ವಾಸಿ, ಗುರುತಿಸದಿದ್ದರೂ ತಮ್ಮ ಒಡತಿ,
ಶೂ ಹೊಲಿಯುವವಳು.

ಪ್ರತಿಗಳು: ಅಂಗಡಿಯ ಗಾಜಿನ ಬಾಗಿಲಿಗೆ; ಕಪ್ಪು ಪೆಟ್ಟಿಗೆಗೆ, ಸಂತಾಪ ಸಹಿತ; ರೀಸ್ಟಾರ್ಟಪ್ಪನಿಗೆ, ಓದಿ ಮುಗಿದ ಮೇಲೆ ಮತ್ತೊಮ್ಮೆ ಮೊದಲಿಂದ ಓದಲು.

ವಿ.ಸೂ.: ಮೇಣದ ಡಬ್ಬಿಯನ್ನು ಸೊಸೆ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ, ಕೇಳಿದಾಗ ಅಳೆದು ಕೊಡುತ್ತಾಳೆ. ಹೀಗಾಗಿ ತಮಗೆ ಇನ್ನು ನನ್ನಿಂದ ಭಯವಿಲ್ಲ. ಆದರೆ ಹೊಸ ಶೂಗಳಿಗೆ ತುರುಕಲು ನಮ್ಮಲ್ಲಿ ಕಾಗದ ಮುಗಿದಿದೆ. ತಮ್ಮ ಜೊತೆ ಬಂದ ಕೈಪಿಡಿ ದಪ್ಪಗಿದೆ, ಹನ್ನೆರಡು ಭಾಷೆಗಳಲ್ಲಿದೆ, ಮೇಣದ ಬಗ್ಗೆ ಒಂದರಲ್ಲೂ ಒಂದು ಸಾಲಿಲ್ಲ ಎಂದು ಸೊಸೆ ಹುಡುಕಿ ಹೇಳಿದ್ದಾಳೆ. ಒಂದೊಂದು ಜೊತೆಗೆ ಒಂದೊಂದು ಭಾಷೆಯಂತೆ ಇಂದಿನಿಂದ ಹರಿಯಲು ಆರಂಭಿಸಿದ್ದೇನೆ. ಮೊದಲ ಭಾಷೆ ಮೇಲ್ವಿಚಾರಕನ ಶೂವಿನ ಮೂತಿಗೆ.